ಸೀಮೆಯನ್ನು ಓದುವ ಬಗೆ

ಹೊಸ ಮಕ್ಕಳು ತರಗತಿಗೆ ಬಂದ ಮೊದಲ ದಿನ ಪ್ರತಿ ವರ್ಷ ಒಂದೇ ಪ್ರಶ್ನೆ ಕೇಳುತ್ತೇನೆ: “ನಿಮ್ಮೂರಿಗೆ ಯೋಜನೆ ಇದೆಯಾ?” ಇದೆ ಸಾರ್ ಎಂದು ಎಲ್ಲರೂ ಒಟ್ಟಿಗೇ ಹೇಳುತ್ತಾರೆ. ಯಾವುದಪ್ಪಾ ಎಂದರೆ ಪಟ್ಟಿ ಶುರುವಾಗುತ್ತದೆ. ಗೃಹಲಕ್ಷ್ಮಿ, ನರೇಗಾ, ಮನೆ ಕಟ್ಟಲು ಕೊಡುವ ಹಣ, ಬೋರ್‌ವೆಲ್ ಕೊರೆಸುವ ಗಂಗಾ ಕಲ್ಯಾಣ. ಮಕ್ಕಳ ತಪ್ಪೇನೂ ಇಲ್ಲ. ಮೇಲಿನಿಂದ ಬರುವ ಸವಲತ್ತಿಗೂ ನಾವು ಯೋಜನೆ ಎನ್ನುತ್ತೇವೆ, ನಾವೇ ಕೂತು ಹತ್ತು ವರ್ಷ ಮುಂದಿನದನ್ನು ಯೋಚಿಸಿ ಮಾಡಿಕೊಳ್ಳುವ ಏರ್ಪಾಟಿಗೂ ಯೋಜನೆ ಎನ್ನುತ್ತೇವೆ. ಮೊದಲನೆಯ ಅರ್ಥ ಎಲ್ಲರ ಬಾಯಲ್ಲಿದೆ. ಎರಡನೆಯದು ಮರೆತುಹೋಗಿದೆ. ಈ ಲೇಖನ ಎರಡನೆಯದರ ಬಗ್ಗೆ.

ಪಠ್ಯದಲ್ಲಿ ಇದಕ್ಕೆ ನಗರ ಮತ್ತು ಪ್ರದೇಶ ಯೋಜನೆ ಎಂದು ಹೆಸರು. ಜನ ಎಲ್ಲಿ ವಾಸಿಸಬೇಕು, ಎಲ್ಲಿ ದುಡಿಯಬೇಕು, ನೀರು, ರಸ್ತೆ, ಸಂತೆ, ಶಾಲೆ, ಆಸ್ಪತ್ರೆ ಎಲ್ಲೆಲ್ಲಿ ಇರಬೇಕು ಎಂದು ಮುಂಚೆಯೇ ಯೋಚಿಸುವ ಕೆಲಸ ಅದು. ಅದರ ಜೊತೆಗೇ ಓದಬೇಕಾದ ಇನ್ನೊಂದು ವಿಷಯ ಸ್ಥಳೀಯ ಆರ್ಥಿಕ ಅಭಿವೃದ್ಧಿ. ಒಂದು ಊರಿನ ಜನ ತಮ್ಮ ಮಣ್ಣು, ನೀರು, ಕಸುಬುಗಳಿಂದ ಹೇಗೆ ದುಡಿಯುತ್ತಾರೆ, ದುಡಿದದ್ದು ಅವರ ಬಳಿ ಎಷ್ಟು ಉಳಿಯುತ್ತದೆ ಎಂಬ ಲೆಕ್ಕ ಇದರಲ್ಲಿ ಬರುತ್ತದೆ. ಮೊದಲನೆಯದು ನಕ್ಷೆ, ಎರಡನೆಯದು ಜೇಬು. ಇವೆರಡನ್ನೂ ಬೇರೆ ಬೇರೆ ಕಚೇರಿಗಳಿಗೆ ಹಂಚಿರುವುದರಿಂದಲೇ ನಮ್ಮ ಅರ್ಧ ತೊಂದರೆಗಳು ಹುಟ್ಟಿವೆ ಎಂದು ನನಗೆ ಅನ್ನಿಸುತ್ತದೆ.

ಪಾಠಕ್ಕೆ ದೂರ ಹೋಗಬೇಕಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕೂ ಸೇರಿ ಹುಣಸೂರು ಉಪವಿಭಾಗ. ಈಚೆಗೆ ಕೋಟೆಯಿಂದ ಸರಗೂರು, ಕೆ.ಆರ್. ನಗರದಿಂದ ಸಾಲಿಗ್ರಾಮ ಬೇರೆ ತಾಲ್ಲೂಕುಗಳಾಗಿವೆ. ಆದರೂ ಹಳಬರ ಮಾತಿನಲ್ಲಿ ಇದು ನಾಲ್ಕು ತಾಲ್ಲೂಕಿನ ಸೀಮೆಯೇ. ಕಂದಾಯ ಇಲಾಖೆ ಗೆರೆ ಎಳೆದ ಮಾತ್ರಕ್ಕೆ ಸೀಮೆ ಆಗುವುದಿಲ್ಲ. ಪಡುವಣದಲ್ಲಿ ಕೊಡಗಿನ ಬೆಟ್ಟ ಮತ್ತು ನಾಗರಹೊಳೆ ಕಾಡು, ಮೂಡಣದಲ್ಲಿ ಮೈಸೂರು ನಗರ. ನಡುವೆ ಮಳೆಯೂ ನೆಲವೂ ಮೆಲ್ಲಗೆ ಇಳಿಯುತ್ತ ಬರುತ್ತವೆ. ಕಾವೇರಿ ಪಿರಿಯಾಪಟ್ಟಣದ ಅಂಚನ್ನು ಸವರಿ ಕೆ.ಆರ್. ನಗರಕ್ಕೆ ಬರುತ್ತಾಳೆ. ಬ್ರಹ್ಮಗಿರಿಯಲ್ಲಿ ಹುಟ್ಟಿದ ಲಕ್ಷ್ಮಣತೀರ್ಥ ಹುಣಸೂರು ಪಟ್ಟಣವನ್ನು ಹಾಯ್ದು ಕನ್ನಂಬಾಡಿಯ ಹಿನ್ನೀರು ಸೇರುತ್ತದೆ. ಕಪಿಲೆ ವಯನಾಡಿನಿಂದ ಕೋಟೆಗೆ ಇಳಿಯುತ್ತಾಳೆ. ಮೈಸೂರಿನಿಂದ ಹೊರಟ ರಸ್ತೆ ಬಿಳಿಕೆರೆಯಲ್ಲಿ ಕವಲೊಡೆದು, ಒಂದು ಕೆ.ಆರ್. ನಗರ, ಹೊಳೆನರಸೀಪುರದ ಕಡೆ ತಿರುಗುತ್ತದೆ. ಇನ್ನೊಂದು ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ ದಾಟಿ ಕುಶಾಲನಗರಕ್ಕೆ ಹೋಗುತ್ತದೆ. ನೀರು, ದಾರಿ, ಸಂತೆ, ಈ ಮೂರೂ ಒಂದೇ ಕಡೆ ಹೆಣೆದುಕೊಂಡಾಗ ಸೀಮೆ ಆಗುತ್ತದೆ. ಪ್ರದೇಶ ಯೋಜನೆ ಎಂದರೆ ಆ ಹೆಣಿಗೆಯನ್ನು ಓದಲು ಕಲಿಯುವುದು.

ಓದಲು ತೊಡಗುವವರಿಗೆ ನಾನು ಮೊದಲು ತೋರಿಸುವುದು ಕೆ.ಆರ್. ನಗರವನ್ನು. ಮೊದಲಿದ್ದ ಊರು ಎಡತೊರೆ. ಕಾವೇರಿಯ ದಡದ ಮೇಲೆ, ಅರ್ಕೇಶ್ವರ ದೇವಸ್ಥಾನದ ಸುತ್ತ ಬೆಳೆದದ್ದು. ಹೆಸರಲ್ಲೇ ತೊರೆ ಇರುವ ಊರು. ಹೊಳೆ ಉಕ್ಕಿದಾಗಲೆಲ್ಲ ನೀರು ಮನೆಯೊಳಕ್ಕೆ ಬರುತ್ತಿತ್ತು. 1924ರ ಕಾವೇರಿ ಪ್ರವಾಹ ದಕ್ಷಿಣದ ನೆನಪಿನಲ್ಲಿ ಇಂದಿಗೂ ಉಳಿದಿರುವಂಥದ್ದು. ಆ ಕಾಲದಲ್ಲಿ ಎಡತೊರೆಯವರಿಗಾಗಿ ಹೊಳೆಯಿಂದ ಆಚೆ, ಎತ್ತರದ ನೆಲದಲ್ಲಿ ಹೊಸ ಊರನ್ನು ಕಟ್ಟಿ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ಟರು. ಅದೇ ಕೃಷ್ಣರಾಜನಗರ. ಹಳೆಯ ಊರಿನ ಓಣಿ ಹೊಳೆಯ ತಿರುವಿನ ಹಾಗೆ ಡೊಂಕು. ಹೊಸ ಊರಿನ ಬೀದಿಗಳು ಅಗಲ, ನೆಟ್ಟಗೆ. ವಿದ್ಯಾರ್ಥಿಗಳನ್ನು ನದಿಯ ಮೆಟ್ಟಿಲಿನಿಂದ ಪೇಟೆಯ ಗರುಡಗಂಬದವರೆಗೆ ನಡೆಸುತ್ತೇನೆ. ಅಷ್ಟು ನಡೆದರೆ ಪುಸ್ತಕದ ಒಂದು ಅಧ್ಯಾಯ ಮುಗಿದಂತೆ.

ಗಮನಿಸಿ, ಇಲ್ಲಿ ಯೋಜಿಸಿದವರು ಮನೆಗಳನ್ನಷ್ಟೇ ಎತ್ತರಕ್ಕೆ ಒಯ್ದರು. ದೇವರನ್ನು ನದಿಯ ಬಳಿಯೇ ಬಿಟ್ಟರು, ಗದ್ದೆಗಳನ್ನೂ ಬಿಟ್ಟರು. ವಾಸ ಎತ್ತರದಲ್ಲಿ, ಬೇಸಾಯ ತಗ್ಗಿನಲ್ಲಿ, ಎರಡರ ನಡುವೆ ನಡೆದು ಹೋಗುವಷ್ಟು ದೂರ. ಮೈಸೂರು ಸಂಸ್ಥಾನಕ್ಕೆ ಈ ವಿದ್ಯೆ ಹೊಸದಾಗಿರಲಿಲ್ಲ. ಪ್ಲೇಗಿನ ಹೊಡೆತದ ನಂತರ, 1903ರಲ್ಲೇ ಮೈಸೂರು ನಗರದ ಸುಧಾರಣೆಗೆಂದು ಒಂದು ಟ್ರಸ್ಟ್ ಮಂಡಳಿ ಬಂದಿತ್ತು. ರೋಗದಿಂದ ಒಂದು ಪಾಠ, ಪ್ರವಾಹದಿಂದ ಇನ್ನೊಂದು. ನಮ್ಮಲ್ಲಿ ನಗರ ಯೋಜನೆ ಹುಟ್ಟಿದ್ದು ಅಂದಕ್ಕಾಗಿ ಎನ್ನುವುದಕ್ಕಿಂತ ಜೀವ ಉಳಿಸಿಕೊಳ್ಳುವುದಕ್ಕಾಗಿ.

ಇನ್ನು ಊರುಗಳ ನಡುವಿನ ಸಂಬಂಧ. 1933ರಲ್ಲಿ ಜರ್ಮನಿಯ ವಾಲ್ಟರ್ ಕ್ರಿಸ್ಟಾಲರ್ ಎಂಬ ಭೂಗೋಳ ಪಂಡಿತ ಕೇಂದ್ರಸ್ಥಳಗಳ ಸಿದ್ಧಾಂತ ಬರೆದ. ಹೆಸರು ಕೇಳಿ ಹೆದರಬೇಡಿ. ಉಪ್ಪು, ಬೆಂಕಿಪೊಟ್ಟಣ ಊರಿನ ಅಂಗಡಿಯಲ್ಲೇ ಸಿಗುತ್ತದೆ. ಬಟ್ಟೆಗೆ, ಪಂಪ್‌ಸೆಟ್ ರಿಪೇರಿಗೆ, ಬ್ಯಾಂಕಿಗೆ ತಾಲ್ಲೂಕು ಕೇಂದ್ರಕ್ಕೆ ಹೋಗುತ್ತೇವೆ. ಹೃದಯದ ಆಪರೇಷನ್ನಿಗೆ ಮೈಸೂರಿಗೇ ಹೋಗಬೇಕು. ಒಳ್ಳೆಯ ಜೋಡೆತ್ತು ಬೇಕಿದ್ದರೆ ವರ್ಷಕ್ಕೊಮ್ಮೆ ಚುಂಚನಕಟ್ಟೆಯ ದನಗಳ ಜಾತ್ರೆಗೆ ಕಾಯುತ್ತಿದ್ದರು. ಯಾವ ವಸ್ತು ಅಪರೂಪಕ್ಕೆ ಬೇಕಾಗುತ್ತದೋ ಅದಕ್ಕೆ ಜನ ಹೆಚ್ಚು ದೂರ ನಡೆಯುತ್ತಾರೆ, ಅಷ್ಟೇ ಸಿದ್ಧಾಂತ. ನಮ್ಮ ಪಟ್ಟಣಗಳಲ್ಲೂ ಇದೇ ಹಂತಗಳಿವೆ. 2011ರ ಜನಗಣತಿಯಲ್ಲಿ ಹುಣಸೂರು ಪಟ್ಟಣದ ಜನಸಂಖ್ಯೆ 50 ಸಾವಿರ ದಾಟಿತ್ತು, ಕೆ.ಆರ್. ನಗರದ್ದು 35 ಸಾವಿರದಷ್ಟಿತ್ತು, ಪಿರಿಯಾಪಟ್ಟಣ ಮತ್ತು ಕೋಟೆ 20 ಸಾವಿರದೊಳಗೇ ಇದ್ದವು. ಹುಣಸೂರು ಈಗ ನಗರಸಭೆ, ಉಳಿದ ಮೂರು ಪುರಸಭೆಗಳು. ಹುಣಸೂರಿಗೆ ಈ ಹಿರಿತನ ನಿನ್ನೆ ಮೊನ್ನೆ ಬಂದದ್ದೂ ಅಲ್ಲ. ಅಮೃತಮಹಲ್ ದನಗಳ ತಳಿ ಕಾಯುವ ಕೇಂದ್ರ ಅಲ್ಲಿತ್ತು. 19ನೇ ಶತಮಾನದ ನಡುವಿನವರೆಗೂ ಸೈನ್ಯಕ್ಕೆ ಬೇಕಾದ ಚರ್ಮದ ಸಾಮಾನು, ಕಂಬಳಿ, ಗಾಡಿಗಳನ್ನು ಅಲ್ಲಿ ತಯಾರಿಸುತ್ತಿದ್ದರು. ಕೊಡಗಿನ ಕಾಫಿ ಇಳಿದು ಬರುವ ದಾರಿಯೂ ಅದೇ.

ಈಗ ಜೇಬಿನ ವಿಷಯಕ್ಕೆ ಬರೋಣ. ಇದಕ್ಕೆ ಹೊಗೆಸೊಪ್ಪಿಗಿಂತ ಒಳ್ಳೆಯ ಪಾಠ ನಮ್ಮ ಸೀಮೆಯಲ್ಲಿಲ್ಲ.

ಪಿರಿಯಾಪಟ್ಟಣ, ಹುಣಸೂರು, ಕೋಟೆಯ ಕೆಂಪು ಮರಳು ಮಿಶ್ರಿತ ಮಣ್ಣಿನಲ್ಲಿ, ಮಳೆ ನಂಬಿಕೊಂಡು ವರ್ಜೀನಿಯಾ ತಂಬಾಕು ಬೆಳೆಯುತ್ತಾರೆ. ಬೇಸಿಗೆಯಲ್ಲಿ ಸಸಿಮಡಿ, ಮುಂಗಾರು ಪೂರ್ವದ ಮಳೆಗೆ ನಾಟಿ, ಆಷಾಢ ಶ್ರಾವಣದಲ್ಲಿ ಎಲೆ ಮುರಿದು ಬ್ಯಾರನ್ನಿಗೆ ಏರಿಸುವುದು. ಬ್ಯಾರನ್ ಎಂದರೆ ಎಲೆಯನ್ನು ಬಿಸಿ ಗಾಳಿಯಲ್ಲಿ ಹದಗೊಳಿಸುವ ಎತ್ತರದ ಕಟ್ಟಡ. ಒಂದು ಸಲ ಏರಿಸಿದರೆ ಐದಾರು ದಿನ, ರಾತ್ರಿ ಹಗಲೆನ್ನದೆ ಉರಿ ಕಾಯಬೇಕು. ತಂಬಾಕು ಮಂಡಳಿಯ ಕಾಯಿದೆ ಬಂದದ್ದು 1975ರಲ್ಲಿ. ಕರ್ನಾಟಕದಲ್ಲಿ ಹರಾಜು ಪದ್ಧತಿ ಶುರುವಾದದ್ದು 1984ರಲ್ಲಿ. ಅದಕ್ಕಿಂತ ಮೊದಲು ಬೆಲೆ ವ್ಯಾಪಾರಿಯ ಬಾಯಲ್ಲಿತ್ತು. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜು ಮಾರುಕಟ್ಟೆಗಳು ಬಂದಮೇಲೆ ಬೇಲು ತೂಗಿ, ದರ್ಜೆ ನೋಡಿ, ಎಲ್ಲರೆದುರು ಬೆಲೆ ಕೂಗುವಂತಾಯಿತು. ದುಡ್ಡು ಬ್ಯಾಂಕಿನ ಖಾತೆಗೆ ಬರತೊಡಗಿತು. ಹುಣಸೂರಿನಲ್ಲಿ ತಂಬಾಕು ಸಂಶೋಧನಾ ಕೇಂದ್ರವೂ ಇದೆ. ಬೀಜದಿಂದ ಬ್ಯಾಂಕಿನವರೆಗೆ ಸರಪಳಿ ಪೂರ್ತಿ. ಈ ಸೀಮೆಯಲ್ಲಿ ಇಷ್ಟು ಗಟ್ಟಿಯಾದ ಏರ್ಪಾಟು ಬೇರೆ ಯಾವ ಬೆಳೆಗೂ ಇಲ್ಲ. ರಾಗಿಗಿಲ್ಲ, ಅವರೆಗಿಲ್ಲ, ಕೋಟೆಯ ಹತ್ತಿಗೂ ಇಲ್ಲ. ಶುಂಠಿಗಂತೂ ಇಲ್ಲವೇ ಇಲ್ಲ. ಶುಂಠಿ ಬೆಳೆದವನು ಒಂದು ವರ್ಷ ಕಾರು ಕೊಂಡರೆ ಇನ್ನೊಂದು ವರ್ಷ ಹೊಲವನ್ನೇ ಒತ್ತೆ ಇಡುವುದನ್ನು ನೋಡಿದ್ದೇವೆ.

“ಹಾಗಾದರೆ ಹೊಗೆಸೊಪ್ಪು ಬಿಡಿ ಎಂದು ರೈತರಿಗೆ ಯಾಕೆ ಹೇಳುತ್ತಾರೆ ಸಾರ್?” ಪಿರಿಯಾಪಟ್ಟಣ ಕಡೆಯ ಹುಡುಗರು ತಪ್ಪದೆ ಕೇಳುವ ಪ್ರಶ್ನೆ ಇದು. ಅವರ ಅಪ್ಪಂದಿರ ಬ್ಯಾರನ್ ಹಣದಲ್ಲಿ ಅವರು ಕಾಲೇಜಿಗೆ ಬಂದಿರುತ್ತಾರೆ, ಆದ್ದರಿಂದ ಉತ್ತರ ಹೇಳುವಾಗ ನನ್ನ ದನಿ ತಗ್ಗುತ್ತದೆ. ತಂಬಾಕು ಜೀವ ತೆಗೆಯುವ ವಸ್ತು, ಅದರಲ್ಲಿ ಎರಡು ಮಾತಿಲ್ಲ. ತಂಬಾಕು ನಿಯಂತ್ರಣದ ವಿಶ್ವ ಒಪ್ಪಂದವನ್ನು ಭಾರತ 2004ರಲ್ಲಿ ಅಂಗೀಕರಿಸಿತು. ಆ ಒಪ್ಪಂದದಲ್ಲೇ, ಬೆಳೆಗಾರರಿಗೆ ಬದಲಿ ಜೀವನೋಪಾಯ ಒದಗಿಸಲು ಸರ್ಕಾರಗಳು ನೆರವಾಗಬೇಕು ಎಂಬ ಮಾತೂ ಇದೆ. ಸೌದೆಯ ಲೆಕ್ಕ ಇನ್ನೊಂದು. ಒಂದು ಕೆ.ಜಿ. ಎಲೆ ಹದ ಮಾಡಲು ಸುಮಾರು ನಾಲ್ಕೈದು ಕೆ.ಜಿ. ಸೌದೆ ಉರಿಯುತ್ತದೆ. ಕರ್ನಾಟಕಕ್ಕೆ ತಂಬಾಕು ಮಂಡಳಿ ಗೊತ್ತುಮಾಡುವ ಬೆಳೆಯ ಮಿತಿ ಸಾಮಾನ್ಯವಾಗಿ ವರ್ಷಕ್ಕೆ 10 ಕೋಟಿ ಕೆ.ಜಿ. ಆಸುಪಾಸಿನಲ್ಲಿರುತ್ತದೆ. ಗುಣಿಸಿ ನೋಡಿದರೆ ಹೊಲದ ಬದುಗಳಲ್ಲಿ ಮರ ಯಾಕೆ ಕಡಿಮೆ ಎಂದು ಗೊತ್ತಾಗುತ್ತದೆ.

ಇದಕ್ಕೆ ಬದಲಾಗಿ ಏನು ಬೆಳೆಯಬೇಕು ಎಂದು ಕೇಳಿದಾಗ ಬೆಳೆಗಳ ಪಟ್ಟಿ ಕೊಡುವುದು ಸುಲಭ. ಆದರೆ ರೈತ ಹೊಗೆಸೊಪ್ಪಿಗೆ ಅಂಟಿಕೊಂಡಿರುವುದು ಗಿಡದ ಮೇಲಿನ ಮೋಹದಿಂದ ಅಲ್ಲ. ಅದರ ಬೆನ್ನ ಹಿಂದೆ ಹರಾಜು ಕಟ್ಟೆ ಇದೆ, ಸಾಲ ಇದೆ, ತೂಕ ಇದೆ, ಖರೀದಿದಾರ ಇದ್ದಾನೆ. ಬದಲಿ ಬೆಳೆಗೂ ಇಷ್ಟೇ ಗಟ್ಟಿಯಾದ ಮನೆ ಕಟ್ಟಿಕೊಡದೆ ಹೊಗೆಸೊಪ್ಪು ಬಿಡಿ ಎಂದರೆ ಯಾರೂ ಬಿಡುವುದಿಲ್ಲ. ಸ್ಥಳೀಯ ಆರ್ಥಿಕ ಅಭಿವೃದ್ಧಿ ಎಂಬ ವಿಷಯದ ತಿರುಳು ನನಗೆ ಕಂಡಂತೆ ಇಷ್ಟು: ಬೆಳೆಯನ್ನು ನೋಡಬೇಡಿ, ಬೆಳೆಯ ಹಿಂದಿನ ಏರ್ಪಾಟನ್ನು ನೋಡಿ.

ಕಪ್ಪುಹಲಗೆಯ ಮೇಲೆ ಒಂದು ಲೆಕ್ಕ ಬರೆಯುತ್ತೇನೆ. ಹರಾಜಿನಿಂದ ಒಬ್ಬ ರೈತನಿಗೆ 100 ರೂಪಾಯಿ ಬಂತೆನ್ನಿ. ಅದರಲ್ಲಿ 60 ರೂಪಾಯಿಯನ್ನು ಆತ ತಾಲ್ಲೂಕಿನಲ್ಲೇ ಖರ್ಚು ಮಾಡಿದ, ಕೂಲಿಗೆ, ಬಡಗಿಗೆ, ಅಂಗಡಿಗೆ. ಆ 60 ಪಡೆದವರು ಮತ್ತೆ ನೂರಕ್ಕೆ 60ರಂತೆ 36 ರೂಪಾಯಿ ಇಲ್ಲೇ ಖರ್ಚು ಮಾಡಿದರು. ಹೀಗೆ ಕೂಡುತ್ತ ಹೋದರೆ ಮೊದಲಿನ ನೂರು ಊರಿನಲ್ಲಿ ಸುತ್ತಿ ಸುತ್ತಿ 250 ರೂಪಾಯಿಯ ಸಂಪಾದನೆ ಆಗುತ್ತದೆ. ಅದೇ, ನೂರಕ್ಕೆ 20 ಮಾತ್ರ ಇಲ್ಲಿ ಉಳಿದು 80 ಹೊರಗೆ ಹೋದರೆ ಒಟ್ಟು ಸಂಪಾದನೆ 125ಕ್ಕೇ ನಿಲ್ಲುತ್ತದೆ. ಬಂದದ್ದು ಎರಡೂ ಕಡೆ ನೂರೇ. ಕೆರೆಗೆ ಎಷ್ಟು ನೀರು ಬಂತು ಎಂದು ಕೇಳುವ ಊರಿನವರು ತೂಬು ಎಷ್ಟು ಸೋರುತ್ತದೆ ಎಂದೂ ಕೇಳಬೇಕಲ್ಲವೇ?

ಭತ್ತದ ಸೀಮೆಯಾದ ಕೆ.ಆರ್. ನಗರದಲ್ಲಿ ಈ ಸೋರಿಕೆ ಒಂದು ಕಾಲಕ್ಕೆ ಕಡಿಮೆ ಇತ್ತು. ಚಾಮರಾಜ ನಾಲೆಯ ನೀರು, ಗದ್ದೆ, ಅಕ್ಕಿ ಗಿರಣಿ, ಗಿರಣಿಯ ಕೂಲಿ, ಹೊಟ್ಟು, ತವುಡು, ಮೈಸೂರು-ಹಾಸನ ರೈಲು, ಎಲ್ಲ ಒಂದೇ ಕಡೆ. ಚುಂಚನಕಟ್ಟೆಯಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ ಬಂದಾಗ ಕಬ್ಬಿಗೂ ಊರಲ್ಲೇ ಬೆಲೆ ಬಂತು. ಆ ಕಾರ್ಖಾನೆ ವರ್ಷಗಟ್ಟಲೆ ನಿಂತಾಗ ಕಬ್ಬಿನ ಲಾರಿಗಳು ಬೇರೆ ಜಿಲ್ಲೆಯ ದಾರಿ ಹಿಡಿದವು. ಗಾಣ ಊರಿನಿಂದ ಹೋದರೆ ಹಿಂಡಿಯೂ ಹೋಗುತ್ತದೆ, ಗಾಣಿಗನ ಮನೆಯ ಮಕ್ಕಳ ಕೆಲಸವೂ ಹೋಗುತ್ತದೆ.

ಎಚ್.ಡಿ. ಕೋಟೆಯ ಕಥೆ ಇನ್ನೊಂದು ಬಗೆ. ಕಬಿನಿ, ನುಗು, ತಾರಕ, ಹೆಬ್ಬಳ್ಳ, ಹಳೆಯ ತಾಲ್ಲೂಕಿನೊಳಗೇ ನಾಲ್ಕು ಜಲಾಶಯಗಳು. ಬೀಚನಹಳ್ಳಿಯ ಕಬಿನಿ ಅಣೆಕಟ್ಟು ಮುಗಿದದ್ದು 1974ರಲ್ಲಿ. ಅದರಲ್ಲಿ 19.52 ಟಿಎಂಸಿ ನೀರು ನಿಲ್ಲುತ್ತದೆ. ಹಿನ್ನೀರಿನಲ್ಲಿ ಮುಳುಗಿದ್ದು ಕೋಟೆಯ ಹಳ್ಳಿಗಳು. ನಾಲೆಯ ನೀರು ಹೆಚ್ಚಾಗಿ ಹರಿದದ್ದು ಕೆಳಗಿನ ನಂಜನಗೂಡು, ತಿ. ನರಸೀಪುರದ ಕಡೆಗೆ. ನೆಲ ಇಳಿಯುವ ಕಡೆಗೇ ನೀರು ಹರಿಯುತ್ತದೆ, ಅದನ್ನು ಯಾರೂ ದೂರುವಂತಿಲ್ಲ. ಆದರೆ ಮುಳುಗಿದವರಿಗೆ ಏನು ಸಿಕ್ಕಿತು, ಹಸಿರಾದವರಿಗೆ ಏನು ಸಿಕ್ಕಿತು ಎಂದು ಒಂದೇ ಹಾಳೆಯಲ್ಲಿ ಬರೆದು ನೋಡುವುದೇ ಪ್ರದೇಶ ಯೋಜನೆಯ ಧರ್ಮ. ಆ ಹಾಳೆಯನ್ನು ಆಗ ಬರೆಯಲಿಲ್ಲ. ಪ್ರಾದೇಶಿಕ ಅಸಮತೋಲನ ಪರಿಶೀಲಿಸಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. 35 ಸೂಚಕಗಳನ್ನು ಇಟ್ಟುಕೊಂಡು ರಾಜ್ಯದ ಅಂದಿನ 175 ತಾಲ್ಲೂಕುಗಳನ್ನು ಅಳೆದಾಗ 114 ಹಿಂದುಳಿದಿವೆ ಎಂದು ಕಂಡಿತು. ಕೋಟೆ ಆ ಪಟ್ಟಿಯಲ್ಲಿತ್ತು. ಉತ್ತರ ಕರ್ನಾಟಕ ಮಾತ್ರ ಹಿಂದುಳಿದಿದೆ ಎಂದು ನಂಬಿದ್ದವರಿಗೆ, ಅರಮನೆಯ ಊರಿನಿಂದ ಒಂದೂವರೆ ಗಂಟೆಯ ದಾರಿಯಲ್ಲೂ ಅದೇ ಬಡತನ ಇದೆ ಎಂದು ತೋರಿಸಿದ ವರದಿ ಅದು.

ಕಾಡಂಚಿನಲ್ಲಿ ಜೇನುಕುರುಬರು, ಬೆಟ್ಟಕುರುಬರು, ಯರವರ ಹಾಡಿಗಳಿವೆ. ಕಬಿನಿ ಹಿನ್ನೀರಿನ ದಂಡೆಯಲ್ಲಿ ರೆಸಾರ್ಟುಗಳಿವೆ. ಕಾರಾಪುರದಲ್ಲಿ ಸರ್ಕಾರದ್ದೇ ಆದ ಜಂಗಲ್ ಲಾಡ್ಜಸ್ ಇದೆ, ಸುತ್ತ ಖಾಸಗಿಯವರದೂ ಇವೆ. ಹುಲಿ ನೋಡಲು ದೇಶವಿದೇಶದಿಂದ ಬರುತ್ತಾರೆ. ಆದರೆ ಹಾಡಿಯ ಯುವಕರು ದಿನಗೂಲಿಗೆ ಜೀಪು ಹತ್ತಿ ಕೊಡಗಿನ ಕಾಫಿ ತೋಟಕ್ಕೆ ಹೋಗುತ್ತಾರೆ. ಪಕ್ಕದಲ್ಲೇ ಇಷ್ಟು ದೊಡ್ಡ ವ್ಯಾಪಾರ ನಡೆಯುತ್ತಿರುವಾಗ ಇದು ಹೇಗೆ? ಮೇಲಿನ ಲೆಕ್ಕವನ್ನೇ ಹಾಕಿ ನೋಡಿ. ರೆಸಾರ್ಟಿನ ಊಟದ ತರಕಾರಿ ಎಲ್ಲಿಂದ ಬಂತು, ಹಾಸಿಗೆಯ ಬಟ್ಟೆ ಒಗೆದವರು ಯಾರು, ಮಾರ್ಗದರ್ಶಿಯ ಕೆಲಸ ಯಾರಿಗೆ ಸಿಕ್ಕಿತು, ಜೇನು ಯಾವ ಬಾಟಲಿಯಲ್ಲಿದೆ? ಒಂದೊಂದಕ್ಕೂ ಉತ್ತರ ಕೋಟೆಯ ಹೊರಗಿದ್ದರೆ ದುಡ್ಡು ಹಿನ್ನೀರಿನ ಮೇಲೆ ಹಾರಿಹೋಗುವ ಹಕ್ಕಿಯ ಹಾಗೆ, ನೆರಳು ಮಾತ್ರ ಇಲ್ಲಿ ಬೀಳುತ್ತದೆ.

ಬೈಲಕುಪ್ಪೆಯ ಬಗ್ಗೆ ಹೇಳದೆ ಈ ಪರಿಚಯ ಮುಗಿಯುವುದಿಲ್ಲ. 1960ರ ಕೊನೆಗೆ ಟಿಬೆಟಿನ ನಿರಾಶ್ರಿತರು ಪಿರಿಯಾಪಟ್ಟಣ ತಾಲ್ಲೂಕಿಗೆ ಬಂದಾಗ ಅಲ್ಲಿದ್ದದ್ದು ಕಾಡು. ಮೈಸೂರು ಸರ್ಕಾರ ಕೊಟ್ಟ ನೆಲವನ್ನು ಹಸನು ಮಾಡಿ, ಕ್ಯಾಂಪುಗಳಾಗಿ ಹಂಚಿಕೊಂಡು, ಮುಸುಕಿನ ಜೋಳ ಬೆಳೆದರು, ಸಹಕಾರ ಸಂಘ ಕಟ್ಟಿಕೊಂಡರು, ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರಿದರು. 1969ರಲ್ಲಿ ಎರಡನೆಯ ವಸತಿ ಬಂತು. 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಇನ್ನೊಂದು. ಇಂದು ನಾಮ್‌ಡ್ರೋಲಿಂಗ್‌ನ ಚಿನ್ನದ ದೇವಸ್ಥಾನ ನೋಡಲು ಬರುವ ಬಸ್ಸುಗಳು ನಮ್ಮ ಆಟೋದವರಿಗೂ ಹೋಟೆಲಿನವರಿಗೂ ಅನ್ನ ಕೊಡುತ್ತಿವೆ. ಟಿಬೆಟಿನವರ ಪುನರ್ವಸತಿಗೆಂದೇ 1968ರಲ್ಲಿ ಮೈರಾಡ ಎಂಬ ಸಂಸ್ಥೆ ಹುಟ್ಟಿತು. ಮುಂದೆ ಅದೇ ಸಂಸ್ಥೆ ಕೋಟೆಯ ಹಳ್ಳಿಗಳಲ್ಲೂ ಕೆಲಸ ಮಾಡಿತು. ದೊಡ್ಡ ಸಹಕಾರ ಸಂಘಗಳಲ್ಲಿ ನಂಬಿಕೆ ಕಳೆದುಕೊಂಡು ಒಡೆದು ಬಂದ ಸಣ್ಣ ಗುಂಪುಗಳನ್ನು ಅದು 1984-85ರ ಹೊತ್ತಿಗೆ ಬೆಂಬಲಿಸಿತು. ಒಬ್ಬರನ್ನೊಬ್ಬರು ಬಲ್ಲ ಹದಿನೈದು ಇಪ್ಪತ್ತು ಜನ ವಾರಕ್ಕೊಮ್ಮೆ ಉಳಿತಾಯ ಮಾಡಿ ತಮ್ಮೊಳಗೇ ಸಾಲ ಕೊಡುವ ಈ ಪದ್ಧತಿಗೆ 1992ರಲ್ಲಿ ನಬಾರ್ಡ್ ಬ್ಯಾಂಕಿನ ಕೊಂಡಿ ಹಾಕಿತು. ನಿಮ್ಮ ತಾಯಿಯವರ ಸ್ತ್ರೀಶಕ್ತಿ ಸಂಘದ ಹಿಂದೆ ಈ ಕಥೆಯೂ ಇದೆ. ಅದೇ 1984ರಲ್ಲಿ ಮೈಸೂರಿನ ವೈದ್ಯ ವಿದ್ಯಾರ್ಥಿ ಆರ್. ಬಾಲಸುಬ್ರಹ್ಮಣ್ಯಂ ಅವರು ಕಟ್ಟಿದ ಸ್ವಾಮಿ ವಿವೇಕಾನಂದ ಯುವ ಚಳವಳಿ ಕೋಟೆಯ ಹಾಡಿಗಳಿಗೆ ಆಸ್ಪತ್ರೆ, ಶಾಲೆಗಳನ್ನು ತಂದಿತು. ಶಾಲೆ, ಆಸ್ಪತ್ರೆಗಳನ್ನು ಆರ್ಥಿಕತೆಯ ಹೊರಗಿನ ವಿಷಯ ಎಂದುಕೊಳ್ಳಬೇಡಿ. ಮಗುವಿಗೆ ಜ್ವರ ಬಂದಾಗ ಮೈಸೂರಿಗೆ ಓಡುವ ಮನೆಯವರ ವಾರದ ಕೂಲಿ ರಸ್ತೆಯಲ್ಲೇ ಕರಗುತ್ತದೆ.

ಈಗ ಕಾನೂನು. ಇಲ್ಲಿ ಮಕ್ಕಳಿಗೆ ನಿದ್ದೆ ಬರುತ್ತದೆ. ಆದರೆ ಇದನ್ನು ತಿಳಿಯದಿದ್ದರೆ ಮೇಲೆ ಹೇಳಿದ್ದೆಲ್ಲ ಬರೀ ಮಾತಾಗಿ ಉಳಿಯುತ್ತದೆ. ಪಟ್ಟಣಗಳ ನಕ್ಷೆಗೆ ಆಧಾರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ, 1961. ಪಟ್ಟಣದ ಸುತ್ತ ಒಂದು ಗೆರೆ ಎಳೆದು ಸ್ಥಳೀಯ ಯೋಜನಾ ಪ್ರದೇಶ ಎಂದು ಘೋಷಿಸಿ, ಯಾವ ಸರ್ವೆ ನಂಬರಿನಲ್ಲಿ ಮನೆ, ಎಲ್ಲಿ ಕಾರ್ಖಾನೆ, ಎಲ್ಲಿ ಉದ್ಯಾನ ಎಂದು ಬಣ್ಣ ಹಚ್ಚುತ್ತಾರೆ. ಅದೇ ಮಾಸ್ಟರ್ ಪ್ಲಾನ್. ಆ ಗೆರೆಯ ಆಚೆ ಗ್ರಾಮಠಾಣಾ, ಗೋಮಾಳ, ಹೊಲ. ಬೇಸಾಯದ ಜಮೀನಿನಲ್ಲಿ ಬೇರೆ ಕೆಲಸ ಮಾಡಬೇಕಾದರೆ 1964ರ ಭೂಕಂದಾಯ ಕಾಯಿದೆಯ 95ನೇ ಕಲಮಿನಂತೆ ಜಿಲ್ಲಾಧಿಕಾರಿಯ ಅನುಮತಿ ಬೇಕು. ಜನರ ಬಾಯಲ್ಲಿ ಅದು ಅಲಿನೇಷನ್. ಅದಿಲ್ಲದೆ ಹೊಲ ತುಂಡು ಮಾಡಿ ಮಾರಿದ್ದೇ ರೆವಿನ್ಯೂ ಸೈಟು. ಹುಣಸೂರು ರಸ್ತೆಯ ಎರಡೂ ಕಡೆ ಕಲ್ಲು ನೆಟ್ಟ ಹೊಲಗಳನ್ನು ನೋಡಿದ್ದೀರಿ. ಮೈಸೂರಿನಿಂದ ಕುಶಾಲನಗರದವರೆಗಿನ ನಾಲ್ಕು ಪಥದ ಹೆದ್ದಾರಿಗೆ 2023ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆ ಆದಮೇಲೆ ಆ ಕಲ್ಲುಗಳು ಇನ್ನಷ್ಟು ಒಳಕ್ಕೆ ನುಗ್ಗಿವೆ. ರಸ್ತೆ ಬರುವ ಮುಂಚೆಯೇ ಬೆಲೆ ಬರುತ್ತದೆ, ಬೆಲೆಯ ನಂತರ ಮನೆ, ಮನೆಯ ನಂತರ ಚರಂಡಿಗಾಗಿ ಹೋರಾಟ. ಯೋಜನೆ ಇದ್ದಿದ್ದರೆ ಚರಂಡಿ ಮೊದಲು ಬರುತ್ತಿತ್ತು.

ಹಳ್ಳಿಗಳಿಗೆ ಬೇರೆ ದಾರಿ. 1987ರ ಜನವರಿಯಲ್ಲಿ, ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರ ಕಾಲದ ಜಿಲ್ಲಾ ಪರಿಷತ್ ಚುನಾವಣೆ ನಡೆದಾಗ ಕರ್ನಾಟಕ ದೇಶಕ್ಕೇ ಮುಂದಿತ್ತು. ನಂತರ ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳು ಬಂದವು. ಪಂಚಾಯಿತಿಗೆ 29 ವಿಷಯ, ಪಟ್ಟಣದ ಸ್ಥಳೀಯ ಸಂಸ್ಥೆಗಳಿಗೆ 18 ವಿಷಯ ಎಂದು ಗೊತ್ತುಮಾಡಿದವು. ವಾರ್ಡ್ ಸಭೆ, ಗ್ರಾಮಸಭೆಗಳಲ್ಲಿ ಬೇಡಿಕೆ ಆರಿಸಿ ಗ್ರಾಮ ಪಂಚಾಯಿತಿ ತನ್ನ ಅಭಿವೃದ್ಧಿ ಯೋಜನೆ ಮಾಡುತ್ತದೆ. ಹಳ್ಳಿಯ ಯೋಜನೆಯನ್ನೂ ಪಟ್ಟಣದ ಯೋಜನೆಯನ್ನೂ ಕೂಡಿಸಿ ಹೊಲಿಯುವ ಕೆಲಸ ಸಂವಿಧಾನದ 243ಝಡ್‌ಡಿ ವಿಧಿಯ ಪ್ರಕಾರ ಜಿಲ್ಲಾ ಯೋಜನಾ ಸಮಿತಿಯದು. ನೀರಿನ ಹಂಚಿಕೆ, ನೆಲದ ಬಳಕೆ, ಪರಿಸರ ರಕ್ಷಣೆ ಎಲ್ಲವನ್ನೂ ಅದು ಒಟ್ಟಿಗೆ ನೋಡಬೇಕು. ಅದರ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲು ಜನಪ್ರತಿನಿಧಿಗಳೇ ತಮ್ಮೊಳಗಿನಿಂದ ಆರಿಸಿದವರಾಗಿರಬೇಕು. ಆದರೆ 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಸೂಜಿ ಇದೆ, ದಾರ ಇದೆ, ಹೊಲಿಯುವ ಕೈಯೇ ಇಲ್ಲ. ಇದು ನನಗೆ ನಿಜವಾಗಿ ನೋವು ಕೊಡುವ ಸಂಗತಿ. ಗೇಣಿದಾರನನ್ನು ಭೂಮಿಯ ಒಡೆಯನನ್ನಾಗಿ ಮಾಡಿದ 1974ರ ಭೂಸುಧಾರಣೆಯ ಹಿಂದೆ ನಿಂತ ದೇವರಾಜ ಅರಸರು ಇದೇ ಹುಣಸೂರಿನ ಕಲ್ಲಹಳ್ಳಿಯವರು. ನೆಲ ಸಿಕ್ಕವರ ಮೊಮ್ಮಕ್ಕಳಿಗೆ, ಆ ನೆಲದ ಬಗ್ಗೆ ತೀರ್ಮಾನ ಮಾಡುವ ಸಭೆಯಲ್ಲಿ ಕುರ್ಚಿ ಸಿಗಬೇಡವೇ?

ಬೇರೆ ದೇಶಗಳಲ್ಲಿ ಹೇಗೆ ಎಂದು ಕೇಳುವವರಿಗೆ ನಾನು ಇಂಡೋನೇಷ್ಯಾವನ್ನು ತೋರಿಸುತ್ತೇನೆ. ನಮ್ಮ ಹಾಗೇ ಭತ್ತ, ಕಾಫಿ, ತಂಬಾಕಿನ ನಾಡು. ಲವಂಗ ಬೆರೆಸಿದ ಸಿಗರೇಟಿನ ಉದ್ಯಮ ಎಷ್ಟು ದೊಡ್ಡದೆಂದರೆ ತಂಬಾಕು ಒಪ್ಪಂದಕ್ಕೆ ಇಂಡೋನೇಷ್ಯಾ ಸಹಿಯನ್ನೇ ಹಾಕಿಲ್ಲ. ಬಹುಕಾಲ ರಾಜಧಾನಿಯಿಂದಲೇ ಎಲ್ಲ ನಡೆಯುತ್ತಿದ್ದ ಆ ದೇಶ 1999ರ ಕಾಯಿದೆಯ ನಂತರ ಜಿಲ್ಲೆಗಳಿಗೆ ಅಧಿಕಾರ ಬಿಟ್ಟುಕೊಟ್ಟಿತು. 2004ರ ಯೋಜನಾ ಕಾಯಿದೆಯಂತೆ ವರ್ಷವೂ ಹಳ್ಳಿಯಲ್ಲಿ ಸಮಾಲೋಚನಾ ಸಭೆ ಸೇರಿ, ಅಲ್ಲಿನ ಪಟ್ಟಿ ಹೋಬಳಿಯಂಥ ಹಂತಕ್ಕೆ, ಅಲ್ಲಿಂದ ಜಿಲ್ಲೆಗೆ ಏರುತ್ತದೆ. ಆ ಸಭೆಗೆ ಮುಸ್ರೆನ್‌ಬಾಂಗ್ ಎನ್ನುತ್ತಾರೆ. 2014ರ ಗ್ರಾಮ ಕಾಯಿದೆಯ ನಂತರ, 2015ರಿಂದ, 70 ಸಾವಿರಕ್ಕೂ ಹೆಚ್ಚು ಹಳ್ಳಿಗಳಿಗೆ ಕೇಂದ್ರದಿಂದ ನೇರ ಅನುದಾನ ಬರುತ್ತಿದೆ. ಹಳ್ಳಿಯೇ ಮಾಲೀಕನಾಗಿ ಅಂಗಡಿ, ಪ್ರವಾಸ, ನೀರಿನ ಸರಬರಾಜು ನಡೆಸುವ ಉದ್ಯಮಗಳೂ ಇವೆ. ಅಲ್ಲೂ ಸಭೆಯಲ್ಲಿ ಕೇಳಿದ್ದೆಲ್ಲ ಮೇಲೆ ಹೋಗುತ್ತ ಕರಗುತ್ತದೆ ಎಂಬ ದೂರು ಇದೆ. ನಮ್ಮ ಗ್ರಾಮಸಭೆಗೆ ಬಂದವರಿಗೆ ಆ ದೂರು ಹೊಸದಾಗಿ ಕೇಳಿಸುವುದಿಲ್ಲ.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ಮೊದಲು ನಿಮ್ಮ ತಾಲ್ಲೂಕಿನ ಬಸ್ ಸ್ಟ್ಯಾಂಡಿನಲ್ಲಿ ಬೆಳಿಗ್ಗೆ 7ರಿಂದ 9ರವರೆಗೆ ಕೂತುಕೊಳ್ಳಿ. ಹೊರಗೆ ಹೋಗುವ ಬಸ್ಸಿನಲ್ಲಿ ಯಾರು, ಒಳಗೆ ಬರುವ ಬಸ್ಸಿನಲ್ಲಿ ಯಾರು ಎಂದು ಬರೆದುಕೊಳ್ಳಿ. ಹೂಟಗಳ್ಳಿಯ ಕಾರ್ಖಾನೆಗೆ ಹೊರಟವರು, ಕಾಲೇಜಿನ ಹುಡುಗಿಯರು, ಹಾಲಿನ ಕ್ಯಾನು, ಹೂವಿನ ಮೂಟೆ. ಎರಡೇ ಗಂಟೆಯಲ್ಲಿ ನಿಮ್ಮ ತಾಲ್ಲೂಕಿನ ಆರ್ಥಿಕತೆ ಕಣ್ಣೆದುರು ನಡೆದುಹೋಗುತ್ತದೆ. ಪ್ಯಾಟ್ರಿಕ್ ಗೆಡ್ಡೆಸ್ ಎಂಬ ಸ್ಕಾಟ್ಲೆಂಡಿನ ಯೋಜಕ ನೂರು ವರ್ಷದ ಹಿಂದೆ ಭಾರತದ ಊರೂರು ಸುತ್ತಿ ಹೇಳಿದ್ದು ಇದನ್ನೇ. ಮೊದಲು ನೋಡಿ, ಆಮೇಲೆ ಗೆರೆ ಎಳೆಯಿರಿ.

ಆಮೇಲೆ ನಿಮ್ಮೂರಿನ ನಕ್ಷೆ ನೀವೇ ಬರೆಯಿರಿ. ಕಾಗದ ಬೇಡ, ನೆಲ ಸಾಕು. ಕೆಲವು ವರ್ಷದ ಹಿಂದೆ ನನ್ನ ವಿದ್ಯಾರ್ಥಿಗಳು ಹುಣಸೂರು ಕಡೆಯ ಒಂದು ಹಳ್ಳಿಯ ಶಾಲೆಯ ಅಂಗಳದಲ್ಲಿ ಊರಿನ ಹೆಂಗಸರನ್ನು ಕೂರಿಸಿ ರಂಗೋಲಿ ಪುಡಿ ಕೊಟ್ಟರು. ಗಂಡಸರು ಆಗಲೇ ಬರೆದಿದ್ದ ನಕ್ಷೆಯಲ್ಲಿ ಡಾಂಬರು ರಸ್ತೆ, ಡೇರಿ, ಬ್ಯಾರನ್ನುಗಳು, ದೇವಸ್ಥಾನ ಇದ್ದವು. ಹೆಂಗಸರು ಬೋರ್‌ವೆಲ್, ಸೌದೆಗೆ ಹೋಗುವ ಕಾಲುದಾರಿ, ಅಂಗನವಾಡಿ ಬರೆದರು. ಎಲ್ಲ ಮುಗಿಯಿತು ಎನ್ನುವಾಗ ಒಬ್ಬ ಅಜ್ಜಿ ಎದ್ದು ಬಂದು, ಹೊಸದಾಗಿ ಸೈಟು ಮಾಡಿದ ಜಾಗದ ನಡುವೆ ಹಾದು ಕೆರೆ ಸೇರುವಂತೆ ಉದ್ದಕ್ಕೆ ಒಂದು ಗೆರೆ ಎಳೆದಳು. “ಇದ್ಯಾವ ರಸ್ತೆ ಅಜ್ಜಿ?” ಎಂದು ಹುಡುಗ ಕೇಳಿದ. “ರಸ್ತೆ ಅಲ್ಲ ಕಣಪ್ಪ, ಹಳ್ಳ. ನೀವು ಮುಚ್ಚಿಬುಟ್ಟಿದ್ದೀರಿ. ನೀರಿಗೆ ಅದು ನೆನಪದೆ” ಎಂದಳು. ಸರ್ವೆ ನಕ್ಷೆ ತರಿಸಿ ನೋಡಿದಾಗ ಅಲ್ಲಿ ಹಳ್ಳದ ಖರಾಬು ಇತ್ತು, ಅಜ್ಜಿ ಎಳೆದ ಕಡೆಯೇ. ಆ ವರ್ಷದ ಗ್ರಾಮಸಭೆಯಲ್ಲಿ ಅವಳ ಸೊಸೆ ಆ ವಿಷಯ ಎತ್ತಿದಳು. ಕಾಂಕ್ರೀಟು ಚರಂಡಿಯ ಬೇಡಿಕೆಗಿಂತ ಮೇಲಿನ ಸಾಲಿನಲ್ಲಿ ‘ಹಳ್ಳದ ಹೂಳು ತೆಗೆಯುವುದು’ ಎಂದು ಬರೆಸಿಯೇ ಕೂತಳು.